ಶಂಕರಂ ಗುಡ್ಡಗಳು: ನೋಟದ ಬಗೆಗೊಂದು ಟಿಪ್ಪಣಿ

ಅನಕಾಪಲ್ಲಿಯ ಸಮೀಪದ ಶಂಕರಂ ಗ್ರಾಮದಲ್ಲಿ ಬೊಜ್ಜನ್ನಕೊಂಡ, ಲಿಂಗಾಲಕೊಂಡ ಎಂಬ ಎರಡು ಬೌದ್ಧ ನೆಲೆಗಳಿವೆ. 1907-08ರಲ್ಲಿ ಅಲೆಕ್ಸಾಂಡರ್ ರೀ ನಡೆಸಿದ ಉತ್ಖನನದಲ್ಲಿ ಸಮುದ್ರಗುಪ್ತನ ಚಿನ್ನದ ನಾಣ್ಯದೊಡನೆ ವಿಷಮಸಿದ್ಧಿಯ, ಎಂದರೆ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನ, ನಾಣ್ಯಗಳೂ ದೊರೆತವು. ಕನ್ನಡಿಗನ ಕಣ್ಣು ಮೊದಲು ಅತ್ತ ಹರಿಯುವುದು ಸಹಜ. ಆದರೆ ನೋಡಬೇಕಾದುದು ಗುಡ್ಡವನ್ನು.

ಲಿಂಗಾಲಕೊಂಡದಲ್ಲಿ ಬಂಡೆಯನ್ನೇ ಕಡೆದು ನಿಲ್ಲಿಸಿದ ಹರಕೆಯ ಸ್ತೂಪಗಳ ಸಾಲುಗಳಿವೆ. ಜನ ಅವುಗಳಲ್ಲಿ ಲಿಂಗಗಳನ್ನು ಕಂಡುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಇದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಬೌದ್ಧರಿಲ್ಲದ ಗುಡ್ಡವನ್ನು ಊರು ತನ್ನದಾಗಿಸಿಕೊಂಡ ಬಗೆಯದು. ವಿಜಯವಾಡದ ಬಾಪು ವಸ್ತುಸಂಗ್ರಹಾಲಯದಲ್ಲಿರುವ ಅಲ್ಲೂರಿನ ಬುದ್ಧ ಶಿಲ್ಪವಾಗಿ ಎಷ್ಟೋ ಮೇಲು. ಆದರೆ ಅಲ್ಲಿ ಅಲ್ಲೂರಿಲ್ಲ. ಶಂಕರಂನ ಸ್ತೂಪಗಳು ಸವೆದಿವೆ, ಕೆಲವಂತೂ ಬರಿಯ ಬಂಡೆಯೆಂದೇ ತೋರುತ್ತವೆ. ಆದರೂ ಅವನ್ನು ಕಡೆದವರು ನಿಂತ ಎಡೆಯಲ್ಲೇ ನಾವೂ ನಿಂತು ನೋಡಬಹುದು.