ಜಾಲದ ಚಿತ್ರಶಾಲೆಗಳು: ಒಂದು ವಿಮರ್ಶೆ

ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾಗಿ ಕಾಶಿಯನ್ನು ಸೇರಿದುದೂ, 1852ರಲ್ಲಿ ಮಗಳಾದ ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದುದೂ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆ ವರ್ಷವೇ ವಿಕ್ಟೋರಿಯಾ ರಾಣಿಯು ಆ ಬಾಲಿಕೆಗೆ ಧರ್ಮಮಾತೆಯಾಗಿ ನಿಂತಳು. ರಾಣಿಗೆ ಪ್ರಿಯನಾದ ವಿಂಟರ್‌ಹಾಲ್ಟರನೆಂಬ ಚಿತ್ರಕಾರನು ಅವಳ ಭಾವಚಿತ್ರವನ್ನು ಬರೆದನು. ಆ ಚಿತ್ರವು ಇಂದಿಗೂ ಅಲ್ಲಿಯ ರಾಜಸಂಗ್ರಹದಲ್ಲಿದೆ. ಅದನ್ನು ನೋಡುವ ಭಾಗ್ಯವು ಹಿಂದೆ ನಮ್ಮಂಥವರಿಗೆ ಎಲ್ಲಿಯದು? ಈಗಲಾದರೋ ಆ ಸಂಗ್ರಹದ ಜಾಲತಾಣವನ್ನು ತೆರೆದರೆ ಸಾಕು. ಕಕ್ಕಡದ ಮಳೆ ಸುರಿಯುತ್ತಿದ್ದ ಒಂದು ಸಂಜೆ ನನ್ನ ಮೊಮ್ಮಗಳು ಮಡಿಕೇರಿಯ ಮನೆಯ ಜಗಲಿಯಲ್ಲಿ ಅದನ್ನು ತೋರಿಸಿದಾಗ ನಾನು ಬಹಳ ಹೊತ್ತು ಮಾತನಾಡಲಿಲ್ಲ.

ಅಂದಿನಿಂದ ಇಂಥ ಚಿತ್ರಶಾಲೆಗಳನ್ನು ಕೆಲವು ತಿಂಗಳು ಪರಿಶೀಲಿಸಿದೆನು. ಅವುಗಳ ಗುಣದೋಷಗಳನ್ನು ಯಥಾಮತಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಹಾಲೆಂಡಿನ ರೈಕ್ಸ್ ಮ್ಯೂಸಿಯಮ್ಮಿನವರು ರೆಂಬ್ರಾಂಟನ ‘ರಾತ್ರಿಯ ಕಾವಲು’ ಎಂಬ 1642ರ ಚಿತ್ರದ ಛಾಯೆಯನ್ನು 2022ರಲ್ಲಿ 71,700 ಕೋಟಿ ಬಿಂದುಗಳಲ್ಲಿ ಪ್ರಕಟಿಸಿದರು. ಒಂದು ಬಿಂದುವಿಗೂ ಮತ್ತೊಂದಕ್ಕೂ ನಡುವಣ ಅಂತರವು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು. ಬಣ್ಣದ ಬಿರುಕುಗಳು ಸಹ ಅದರಲ್ಲಿ ಕಾಣುವುವು. ಮೂಲಚಿತ್ರದ ಮುಂದೆ ನಿಂತವನಿಗೂ ಅಷ್ಟು ಸಮೀಪದರ್ಶನ ದೊರೆಯಲಾರದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮು 2017ರಲ್ಲಿ ಸುಮಾರು 3,75,000 ಛಾಯೆಗಳನ್ನು ಯಾವ ನಿರ್ಬಂಧವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಮ್ಮಿನ ಅಕಾಡೆಮಿಯು, ಅದಕ್ಕೆ ಮೊದಲೇ, 2022ರಲ್ಲಿ, ಭಾರತೀಯ ಕಲೆಯ ವಿಶ್ವಕೋಶವೊಂದನ್ನು ಜಾಲದಲ್ಲಿ ಆರಂಭಿಸಿತು. ಕಾಸು ಖರ್ಚಿಲ್ಲದೆ ದೊರೆಯುವ ಈ ವಿದ್ಯಾದಾನವು ಸಾಮಾನ್ಯವಾದುದಲ್ಲ.

ಇನ್ನು ದೋಷ. ನಮ್ಮ ಪ್ರಾಚೀನರು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದರು. ಅವುಗಳಲ್ಲಿ ಪ್ರಮಾಣ, ವರ್ಣಿಕಾಭಂಗ ಎಂಬ ಎರಡಕ್ಕೆ, ಎಂದರೆ ಅಳತೆಗೂ ಬಣ್ಣದ ಹದಕ್ಕೂ, ಜಾಲದಲ್ಲಿ ಹಾನಿಯುಂಟು. ಮೇಲೆ ಹೇಳಿದ ರೆಂಬ್ರಾಂಟನ ಚಿತ್ರವು ಹೆಚ್ಚುಕಡಮೆ ನಾಲ್ಕೂವರೆ ಮೀಟರು ಅಗಲವಾದುದು. ಅದರ ಎದುರಿನಲ್ಲಿ ಮನುಷ್ಯನು ಚಿಕ್ಕವನಾಗುವನು. ಫೋನಿನಲ್ಲಿಯಾದರೆ ಆ ಚಿತ್ರವೇ ಅವನ ಅಂಗೈಯಲ್ಲಿ ಅಡಗುವುದು. ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಉಬ್ಬುಗೆಲಸದ ಮೇಲೆ ಚಿನ್ನದ ರೇಕನ್ನು ಅಂಟಿಸುವರಷ್ಟೆ. ನೋಡುವವನು ಒಂದು ಹೆಜ್ಜೆ ಸರಿದರೆ ಆ ಚಿನ್ನವು ಬೇರೆಯಾಗಿ ಹೊಳೆಯುವುದು. ಛಾಯೆಯಲ್ಲಿ ಅದು ಬರಿಯ ಹಳದಿ. ನನ್ನ ಹಳೆಯ ಶಿಷ್ಯನೊಬ್ಬನು ಚಿತ್ರ ಬರೆದು ಜೀವಿಸುವವನು. ಪರದೆಯನ್ನು ನೋಡಿ ಬಣ್ಣ ಕಲಸಿದ ತನ್ನ ಪಟವು ಹಗಲು ಬೆಳಕಿನಲ್ಲಿ ಬೇರೆಯೇ ಆಗಿ ಕಂಡಿತೆಂದು ಅವನು ನನ್ನಲ್ಲಿ ಹೇಳಿಕೊಂಡುದುಂಟು. ಪರದೆಯು ತಾನೇ ಬೆಳಗುವುದು. ಪಟವು ಬೆಳಕನ್ನು ಬೇಡಿ ಪಡೆಯುವುದು. ಈ ಭೇದವನ್ನು ಮರೆತವನು ಮೋಸಹೋಗುವನು.

ಹಕ್ಕಿನ ವಿಷಯವನ್ನೂ ಕಲಾವಿದರು ಅರಿತಿರತಕ್ಕದ್ದು. ನೋಡಲು ಬಿಟ್ಟದ್ದೆಲ್ಲವೂ ಬಳಸಲು ಬಿಟ್ಟದ್ದಲ್ಲ. ನಮ್ಮ ದೇಶದ ಕಾಯಿದೆಯಂತೆ ಚಿತ್ರಕಾರನು ಗತಿಸಿದ ಮರುವರ್ಷದಿಂದ 60 ವರ್ಷಗಳವರೆಗೆ ಅವನ ಕೃತಿಗೆ ಹಕ್ಕು ಉಳಿಯುವುದು. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳನ್ನು ಇಂದು ಯಾರಾದರೂ ಅಚ್ಚುಮಾಡಬಹುದು. ಗೌರಮ್ಮನ ಚಿತ್ರವು ಎಷ್ಟೇ ಹಳೆಯದಾದರೂ ಅದರ ಛಾಯೆಗೆ ರಾಜಸಂಗ್ರಹದವರು ತಮ್ಮ ಹಕ್ಕನ್ನು ಹೇಳುತ್ತಾರೆ. ಪ್ರಕಟಿಸಬಯಸುವವರು ಅವರ ಅನುಮತಿ ಕೇಳಬೇಕು. ಪ್ರತಿ ತಾಣದ ನಿಬಂಧನೆಯನ್ನೂ ಓದಿಯೇ ಮುಂದುವರಿಯುವುದು ವಿವೇಕ.

ಆದರೆ ನನ್ನ ಮುಖ್ಯವಾದ ಆಕ್ಷೇಪಣೆಯು ತಾಣಗಳ ಮೇಲಲ್ಲ, ನಮ್ಮ ಮೇಲೆಯೇ. ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ, ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಗೌರಮ್ಮನ ತಂದೆಯು ರಾಜ್ಯವನ್ನು ಕಳೆದುಕೊಳ್ಳುವ ಮುನ್ನ ಆಶ್ರಯ ಪಡೆದದ್ದು ಅಲ್ಲಿಯೇ. ಅಲ್ಲಿ ಮರದ ಕೆತ್ತನೆಯೂ ಬಣ್ಣದ ಭಿತ್ತಿಚಿತ್ರಗಳೂ ಇವೆ. ಮೊಮ್ಮಗಳು ಅವುಗಳನ್ನು ನೋಡಬೇಕೆಂದಾಗ ಜಾಲದಲ್ಲಿ ಹುಡುಕಿದೆವು. ಪ್ರವಾಸಿಗಳು ತೆಗೆದ ಕೆಲವು ಛಾಯೆಗಳು ಸಿಕ್ಕಿದುವು. ಅಳತೆಯೂ ವಿವರಣೆಯೂ ಉಳ್ಳ ಒಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಕಡೆಗೆ ಅಲ್ಲಿಗೇ ಹೋದೆವು. ಬಣ್ಣವು ಅಲ್ಲಲ್ಲಿ ಮಾಸಿದೆ, ಗಾರೆಯು ಅಲ್ಲಲ್ಲಿ ಕಳಚಿದೆ. ಕೊಡಗಿನ ಮಳೆಯ ತೇವವು ಗೋಡೆಗೆ ಎಂದಿಗೂ ಮಿತ್ರನಲ್ಲ. ಕಾಶಿಯಲ್ಲಿ ಹುಟ್ಟಿ 1864ರಲ್ಲಿ ಇಂಗ್ಲೆಂಡಿನಲ್ಲಿ ಕಣ್ಮುಚ್ಚಿದ ರಾಜಕುಮಾರಿಯ ಮುಖವನ್ನು ಬಲ್ಲ ನಮ್ಮ ಮಕ್ಕಳು, ಅವಳ ಹಿರಿಯರ ಮನೆಯ ಗೋಡೆಯನ್ನು ಅರಿಯದೆ ಬೆಳೆಯುವುದಾದರೆ ತಪ್ಪು ಯಾರದು?

ಇದಕ್ಕೆ ಉಪಾಯವಿಲ್ಲದೆ ಇಲ್ಲ. ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರವು 2004ರಲ್ಲಿ ಆರಂಭವಾಗಿ ಈಗ ಹತ್ತು ಕೋಟಿಗೂ ಮಿಕ್ಕ ಚಿತ್ರಾದಿಗಳನ್ನು ಒಳಗೊಂಡಿದೆ. ತಾನು ತೆಗೆದ ಛಾಯೆಯನ್ನು, ಅನ್ಯರೂ ಬಳಸಲೆಂದು ಒಪ್ಪಿ, ಯಾರೇ ಆದರೂ ಅದರಲ್ಲಿ ಇರಿಸಬಹುದು. ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ನಮ್ಮ ತರುಣರಲ್ಲಿ ನಾಲ್ವರು ಅರಮನೆಯ ಪಾಲಕರ ಅನುಮತಿ ಪಡೆದು, ಮಿಂಚುದೀಪವನ್ನು ಹಾಕದೆ, ಚಿತ್ರದ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನೂ ಬಣ್ಣಗಳ ಮಾದರಿಪಟ್ಟಿಯನ್ನೂ ಹಿಡಿದು, ಗೋಡೆಯಿಂದ ಗೋಡೆಗೆ ಕ್ರಮವಾಗಿ ಛಾಯೆ ತೆಗೆದು, ದಿನಾಂಕವನ್ನು ಬರೆದಿಟ್ಟರೆ, ಮೇಲೆ ಹೇಳಿದ ಎರಡು ದೋಷಗಳೂ ತಕ್ಕಮಟ್ಟಿಗೆ ಪರಿಹಾರವಾಗುವುವು. ಮುಂದೆ ಜೀರ್ಣೋದ್ಧಾರ ಮಾಡುವವರಿಗೆ ಆ ಛಾಯೆಗಳೇ ಸಾಕ್ಷಿಯಾಗುವುವು.

ಪರರ ಸಂಗ್ರಹವನ್ನು ಮನದಣಿಯೆ ನೋಡೋಣ, ಕಲಿಯೋಣ. ಆದರೆ ತೆಗೆದುಕೊಂಡಷ್ಟಕ್ಕೆ ಪ್ರತಿಯಾಗಿ ಕೊಡಬೇಕಾದ ಋಣವೂ ಒಂದುಂಟು. ಮಳೆ ನಿಂತು ದಾರಿ ಒಣಗಿದ ಮೇಲೆ ಕಕ್ಕಬ್ಬೆಗೆ ಹೋಗಿಬರುವುದು ಒಂದು ದಿನದ ಕೆಲಸ. ಮೊಮ್ಮಗಳು ಅಳತೆಪಟ್ಟಿಯನ್ನು ಈಗಾಗಲೇ ತೆಗೆದಿರಿಸಿದ್ದಾಳೆ.