ಹೊಗಳಿ ಮರೆತ ಉತ್ತಂಗಿ

ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹೆಸರೆತ್ತಿದರೆ ಸಾಕು, ನಮ್ಮ ಗದಗ-ಬೆಟಗೇರಿಯ ವೇದಿಕೆಗಳಲ್ಲಿ ಒಂದೇ ಪಲ್ಲವಿ: ಪಾದ್ರಿಯಾಗಿದ್ದರೂ ಸರ್ವಜ್ಞನ ತ್ರಿಪದಿ ಕೂಡಿಸಿದರು, ಶರಣರನ್ನು ಮೆಚ್ಚಿದರು, ಎಂಥ ದೊಡ್ಡ ಮನಸ್ಸು! ಈ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಕ್ರೈಸ್ತನಿಗೆ ಇದು ಸಹಜವಲ್ಲ ಎಂಬ ಅನುಮಾನ ಅದರಲ್ಲಿ ಅಡಗಿದೆ. ಉತ್ತಂಗಿಯವರು ಎಲ್ಲರಿಗೂ ಬೇಕಾದ ಸಾತ್ವಿಕರಷ್ಟೇ ಅಲ್ಲ, ವಾದಕ್ಕಿಳಿದವರು.

ಅವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಪುಸ್ತಕವನ್ನು ಹೊಗಳುವವರು ಹೆಚ್ಚಾಗಿ ಅದರ ಹೆಸರಿಗೇ ಮಾರುಹೋದವರು. ಹಿಂದೂಗಳ ಮುಂದೆ ಕ್ರಿಸ್ತನ ಪರ ಮಾತಾಡುವುದು ಪಾದ್ರಿಯ ಕೆಲಸವೇ. ದನಿ ಮೆತ್ತಗಿದೆ, ಸರಿ. ಅದನ್ನೇ ಅವರ ಶಿಖರ ಎಂದರೆ ಒಪ್ಪಲಾರೆ.

ಶಿಖರ ಬೇರೆಡೆ ಇದೆ: ಅವರ ‘ಅನುಭವ ಮಂಟಪದ ಐತಿಹಾಸಿಕತೆ’ ಪುಸ್ತಕದಲ್ಲಿ. ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ಸಂಶೋಧಕ ಕಪಟರಾಳ ಕೃಷ್ಣರಾಯರು ಸಂದೇಹ ಎತ್ತಿದಾಗ ಲಿಂಗಾಯತರಿಗೆ ನೋವಾಯಿತು. ಆ ಜಗಳದಲ್ಲಿ ಕ್ರೈಸ್ತನಿಗೇನು ಕೆಲಸ? ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಆಗಲೇ ಸಂದಿತ್ತು. ಕಳೆದುಕೊಳ್ಳುವುದಕ್ಕೆ ಹೆಸರೂ ಇತ್ತು. ಆದರೂ ಇಳಿದರು, ಇತ್ತು ಎಂದೇ ವಾದಿಸಿದರು. ಇಲ್ಲಿ ನೋಡಬೇಕಾದದ್ದು ತೀರ್ಪನ್ನಲ್ಲ, ನಡೆಯನ್ನು. ನೊಂದವರ ಬೆನ್ನು ಸವರಿ ಕಳಿಸಲಿಲ್ಲ; ಅವರ ಪರವಾಗಿ ಆಧಾರ ಹುಡುಕಹೊರಟರು. ಸಂದೇಹಪಟ್ಟವರಿಗೂ ಅದೇ ಗೌರವ: ಪ್ರಶ್ನೆಗೆ ಪುಸ್ತಕದಿಂದಲೇ ಉತ್ತರ.

ಈ ವಾದ ಯಾರು ಹೂಡಿದರೂ ಒಂದು ತೊಡಕಿದೆ. ಮಂಟಪದ ಗೋಷ್ಠಿಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ‘ಶೂನ್ಯಸಂಪಾದನೆ’ 15ನೆಯ ಶತಮಾನದ್ದು, ಶರಣರು 12ನೆಯದವರು. ನಡುವಿನ ಮುನ್ನೂರು ವರ್ಷಗಳನ್ನು ಪ್ರೀತಿಯೊಂದರಿಂದಲೇ ದಾಟಲಾಗದು. ಉತ್ತಂಗಿಯವರಿಗೆ ಮಂಟಪ ಇದ್ದಿರಬೇಕು ಎಂಬ ಆಸೆಯಿತ್ತು ಎಂದೇ ನನ್ನ ಎಣಿಕೆ. ಅವರನ್ನು ‘ನಿಷ್ಪಕ್ಷಪಾತಿ’ ಎನ್ನುವ ವಿಮರ್ಶಕರೊಡನೆ ನನ್ನ ತಕರಾರು ಇಲ್ಲಿಯೇ. ಪಕ್ಷ ಹಿಡಿಯದವನಿಗೆ ನೆರೆಮನೆಯ ನೋವು ತಟ್ಟೀತು ಹೇಗೆ? ಅವರು ಪಕ್ಷ ಹಿಡಿದರು, ಹಿಡಿದದ್ದನ್ನು ಮುಚ್ಚಿಡಲಿಲ್ಲ. ಪಾದ್ರಿಗೆ ಶರಣರ ಉಸಾಬರಿ ಯಾಕೆ ಎಂದು ಕೇಳುವ ಕ್ರೈಸ್ತ ಬಂಧುಗಳಿಗೂ ನನ್ನ ಉತ್ತರ ಇದೇ.

1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ ಜಾತಿ ಬಿಟ್ಟು ಬನ್ನಿ ಎಂದಿತು. ಬಂದವರು ಬಿಟ್ಟ ಮನೆಯೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಅಷ್ಟಾಗಿ ಕಲಿಸಲಿಲ್ಲ. ಆ ಮಿಷನ್ನಿನ ಪರಂಪರೆಯಲ್ಲೇ ಬೆಳೆದ ಉತ್ತಂಗಿ ಅದನ್ನು ತಾವೇ ಕಲಿತರು. ಹಾಗೆ ಬಹಿರಂಗವಾಗಿ ವಾದಿಸಲು ಇಂದು ಅಂಜಿಕೆ. ಅದು ಎಲ್ಲಿಂದ ಬಂತು ಎಂಬುದನ್ನು ನಾವು ಕಂಡಿದ್ದೇವೆ: 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಗ್ರಂಥದಲ್ಲಿ ಶರಣರ ಕುರಿತು ಬರೆದ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು, 2015ರಲ್ಲಿ ಧಾರವಾಡದಲ್ಲಿ ಅವರ ಕೊಲೆಯಾಯಿತು. 2022ರ ಮತಾಂತರ ನಿಷೇಧ ಕಾಯ್ದೆಯ ನಂತರ ಚರ್ಚುಗಳೂ ಬಾಯಿ ಬಿಗಿಹಿಡಿದಿವೆ. ಅಂಜಿಕೆಗೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಚರ್ಚಿನೊಳಗಿನ ಜಾತಿಯ ಮಾತಿಗೂ ಇದೇ ಮೌನವಾದರೆ ಅದಕ್ಕೆ ಕಾಯ್ದೆಯ ನೆಪ ಹೇಳಲಾಗದು.

ಉತ್ತಂಗಿಯವರ ಜಯಂತಿಯಂದು ಹಾರ ಹಾಕುವ ಸಂಘಗಳಿಗೆ ಒಂದು ಬಿನ್ನಹ: ಈ ಸಲ ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಮೇಜಿನ ಮೇಲಿಡಿ, ಚರ್ಚಿನವರನ್ನೂ ಮಠದವರನ್ನೂ ಕರೆದು, ಅದರಲ್ಲಿ ಒಪ್ಪದ ಪುಟಗಳನ್ನು ಮೊದಲು ಓದಿಸಿ.