ಒಳಗೆ ಕೂತರೆ ಕಾಣುವ ಬಣ್ಣ

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ನಾವು ಮಾರ್ಕ್ಸ್ ಕೊಡೋದು ಹೊರಗಿನಿಂದಲೇ. 175 ಅಡಿಯ ಜೋಡಿ ಗೋಪುರ, ಒಂದು ಸೆಲ್ಫಿ, ಆಮೇಲೆ ಮೈಲಾರಿ ದೋಸೆ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಈ ಚರ್ಚಿನ ಅಸಲಿ ಸೊಗಸಿರೋದು ಫ್ರಾನ್ಸಿನಿಂದ ತರಿಸಿದ ಬಣ್ಣದ ಗಾಜಿನ ಕಿಟಕಿಗಳಲ್ಲಿ: ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ. ಹಗಲಲ್ಲಿ ಹೊರಗಿನಿಂದ ನೋಡಿದರೆ ಬರೀ ಮಂಕು ಗಾಜು. ಬಿಸಿಲು ಆಚೆಗಿರಬೇಕು, ನೋಡುವವರು ಒಳಗಿರಬೇಕು.

ಇಂಗ್ಲಿಷರ ಚರ್ಚುಗಳಲ್ಲಿ ಇಂಥ ಕಿಟಕಿಯ ಕೆಳಗೆ ತೀರಿಕೊಂಡವರ ಹೆಸರು ಬರೆಸುವ ರೂಢಿಯಿತ್ತು. ಗಾಜು ಹಾಕಿಸೋಕೆ ದುಡ್ಡಿದ್ದವರ ನೆನಪು ಹಾಗೆ ಉಳಿಯಿತು. ದುಡ್ಡಿಲ್ಲದವರದ್ದು? ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಗೆ ಹೋಗಿ. ಹೊಲ ಉಳುವಾಗ ರೈತನೊಬ್ಬನಿಗೆ ಸಂತ ಅಂತೋಣಿಯ ಮೂರ್ತಿ ಸಿಕ್ಕಿತಂತೆ. ಜೂನ್ 13ರ ಹಬ್ಬಕ್ಕೆ ಬರುವ ಎಲ್ಲ ಮತದ ಜನ ಆ ಕತೆಯನ್ನು ಬಾಯಲ್ಲೇ ಉಳಿಸಿಕೊಂಡಿದ್ದಾರೆ. 2019ರಲ್ಲಿ ಬಸಿಲಿಕಾ ಪದವಿ ಸಿಕ್ಕಿದ್ದು ಆಮೇಲಿನ ಮಾತು.

ನನ್ನ ತಕರಾರು ಗಾಜಿನ ಮೇಲಲ್ಲ, ನಮ್ಮ ಅವಸರದ ಮೇಲೆ. ಕೂತು ನೋಡುವವರೇ ಇಲ್ಲದಿದ್ದರೆ ಎಷ್ಟು ಚೆಂದದ ಕಿಟಕಿಯೂ ಯಾರನ್ನೂ ನೆನಪಿಸೋದಿಲ್ಲ. ಮುಂದಿನ ವೀಕೆಂಡು ಮೈಸೂರಿಗೆ ಹೋದಾಗ ಫೋನು ಜೇಬಿಗಿಟ್ಟು, ಹತ್ತು ನಿಮಿಷ ಒಳಗಿನ ಬೆಂಚಿನ ಮೇಲೆ ಕೂತ್ಕೊಳ್ಳಿ. ದೋಸೆ ಎಲ್ಲೂ ಓಡಿಹೋಗಲ್ಲ.